ಚಾರ್ಜ್ ತಗೊಂಡ ಮೇಲೆ: ಗದರದೆ, ತಗ್ಗದೆ ಕಚೇರಿ ನಡೆಸುವುದು ಹೇಗೆ?

"ಮೆತ್ತಗೆ ಹೇಳಿದರೆ ಯಾರೂ ಕೇಳೋದಿಲ್ಲ. ಗಟ್ಟಿಯಾಗಿ ಹೇಳಿದರೆ ಧಿಮಾಕು ಅಂತಾರೆ. ಹಾಗಾದರೆ ನಾನು ಹೇಗಿರಬೇಕು?"

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಮುಖ್ಯ ಶಿಕ್ಷಕಿಯರಿದ್ದಾರೆ, ಪಿಡಿಒಗಳಿದ್ದಾರೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು), ಬ್ಯಾಂಕಿನ ಶಾಖೆ ನೋಡಿಕೊಳ್ಳುವವರಿದ್ದಾರೆ, ಆಸ್ಪತ್ರೆಯಲ್ಲಿ ಒಂದಿಡೀ ವಾರ್ಡಿನ ಹೊಣೆ ಹೊತ್ತವರಿದ್ದಾರೆ. ಕೆಲಸ ಬೇರೆ ಬೇರೆ, ಸಂಕಟ ಒಂದೇ.

ಈ ಪ್ರಶ್ನೆ ಈಗ ಜಾಸ್ತಿ ಕೇಳಿಬರುವುದಕ್ಕೆ ಕಾರಣವೂ ಇದೆ. ಸಂವಿಧಾನದ 371(ಜೆ) ವಿಧಿ 2013ರಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಅನ್ವಯವಾದ ಮೇಲೆ ಇಲ್ಲಿನ ಹುದ್ದೆಗಳಲ್ಲಿ ಇಲ್ಲಿಯವರಿಗೇ ಮೀಸಲಾತಿ ಸಿಗುತ್ತಿದೆ. ಓದಿದ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಅಧಿಕಾರದ ಕುರ್ಚಿಗೆ ಬರುತ್ತಿದ್ದಾರೆ. ಅವರ ಕೈಕೆಳಗೆ ಇರುವವರು ಎಷ್ಟೋ ಸಲ ಅಪ್ಪನ ವಯಸ್ಸಿನವರು. ಆ ಕುರ್ಚಿಯಲ್ಲಿ ಅವರು ಇದುವರೆಗೆ ಕಂಡಿದ್ದು ಗಂಡಸರನ್ನೇ.

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಮೆತ್ತಗೆ ಇರಬೇಕೋ ಗಟ್ಟಿಯಾಗಿರಬೇಕೋ ಅನ್ನುವ ಪ್ರಶ್ನೆಯೇ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮನುಷ್ಯರೊಂದಿಗೆ ಮೆದುವಾಗಿದ್ದು ಕೆಲಸದ ವಿಷಯದಲ್ಲಿ ಬಿಗಿಯಾಗಿರಲು ಸಾಧ್ಯ. ಅದು ಹುಟ್ಟುಗುಣವೇನಲ್ಲ, ರೂಢಿಯಿಂದ ಬರುವಂಥದ್ದು. ಅದಕ್ಕೆ ಕೆಲವು ಹಂತಗಳಿವೆ.

ಬೇಕಾಗುವುದು ಇಷ್ಟು: ನಿಮ್ಮ ಕೈಯಲ್ಲೇ ಇರುವ ಒಂದು ನೋಟ್‌ಬುಕ್. ನಿಮ್ಮ ಹುದ್ದೆಯ ಕರ್ತವ್ಯಪಟ್ಟಿ, ಅಂದರೆ ನಿಮ್ಮ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಆದೇಶದ ಪ್ರತಿ. ನಿಮ್ಮ ಕಚೇರಿಗೆ ಸಂಬಂಧ ಇಲ್ಲದ, ಆದರೆ ಇಂಥ ಕೆಲಸ ಗೊತ್ತಿರುವ ಒಬ್ಬ ಗೆಳತಿ ಅಥವಾ ಹಿರಿಯರು. ಮತ್ತೆ ಮೂರು ತಿಂಗಳ ತಾಳ್ಮೆ.

1. ಚಾರ್ಜ್ ತಗೊಳ್ಳುವ ದಿನ ಎಣಿಸಿ, ತೂಗಿ, ಆಮೇಲೆ ಸಹಿ ಹಾಕಿ

ಆತ್ಮವಿಶ್ವಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ ಎನ್ನುತ್ತಾರೆ. ನಾನು ಬೀರುವಿನಿಂದ ಶುರು ಮಾಡಿ ಎನ್ನುತ್ತೇನೆ. ನಿಮ್ಮ ಕಚೇರಿಯಲ್ಲಿ ಏನಿದೆ, ಏನಿಲ್ಲ ಎಂದು ನಿಮಗೆ ಖಚಿತವಾಗಿ ಗೊತ್ತಿದ್ದರೆ ಧ್ವನಿ ತಾನಾಗಿ ಸ್ಥಿರವಾಗುತ್ತದೆ.

ನೀವು ಮುಖ್ಯ ಶಿಕ್ಷಕಿಯಾಗಿದ್ದರೆ ಬಿಸಿಯೂಟದ ಕೋಣೆಗೆ ಹೋಗಿ. ದಾಸ್ತಾನು ವಹಿಯಲ್ಲಿ ಬರೆದಿರುವಷ್ಟು ಅಕ್ಕಿ, ತೊಗರಿಬೇಳೆ, ಎಣ್ಣೆ, ಹಾಲಿನ ಪುಡಿ ಅಲ್ಲಿ ಇದೆಯೇ? ಚೀಲ ಎಣಿಸಿದರೆ ಸಾಲದು. ಬಾಯಿ ಬಿಚ್ಚಿದ ಚೀಲವನ್ನು ತಕ್ಕಡಿಗೆ ಹಾಕಿಸಿ. ಕಡಿಮೆ ಬಂದರೆ ಎಷ್ಟು ಕಡಿಮೆ ಎಂದು ಚಾರ್ಜ್ ಪಟ್ಟಿಯಲ್ಲೇ ಬರೆದು, ಬಿಟ್ಟು ಹೋಗುವವರ ಸಹಿ ತಗೊಳ್ಳಿ. ಬೇರೆ ಕಚೇರಿಯಾದರೆ ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಚೆಕ್‌ಬುಕ್ಕಿನ ಉಳಿದ ಹಾಳೆಗಳು, ಬಾಕಿ ಕಡತಗಳು, ಕೋರ್ಟಿನಲ್ಲಿರುವ ಪ್ರಕರಣಗಳು. ಇವುಗಳ ಪಟ್ಟಿ ಬೇಕೇಬೇಕು.

ಆಗ ಒಂದು ಮಾತು ಬಂದೇ ಬರುತ್ತದೆ: "ಮೇಡಂ, ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರೀ?" ಈ ಮಾತಿಗೆ ಮುಜುಗರಪಟ್ಟು ಸಹಿ ಹಾಕಿದವರೇ ಮುಂದೆ ವರ್ಷಗಟ್ಟಲೆ ಲೆಕ್ಕಪರಿಶೋಧನೆಯ ಆಕ್ಷೇಪಕ್ಕೆ ಉತ್ತರ ಕೊಡುತ್ತಾ ಓಡಾಡುತ್ತಾರೆ. ನಗುತ್ತಲೇ ಹೇಳಿ: "ನಂಬಿಕಿ ಅದ ರೀ. ನಾಳೆ ನಿಮ್ಮ ಹೆಸರೂ ಉಳೀಬೇಕು, ನನ್ನ ಹೆಸರೂ ಉಳೀಬೇಕು. ಅದಕ್ಕ ಎಣಿಸೋಣು."

*ಎಚ್ಚರಿಕೆ:* ಡಿಎಸ್‌ಸಿ ಕೀಲಿ. ಇದು ಪೆನ್‌ಡ್ರೈವ್ ಥರ ಕಾಣುವ ಡಿಜಿಟಲ್ ಸಹಿಯ ಉಪಕರಣ. ಕಂಪ್ಯೂಟರಿಗೆ ಹಾಕಿ ಪಾಸ್‌ವರ್ಡ್ ಒತ್ತಿದರೆ ನೀವೇ ಸಹಿ ಹಾಕಿದಂತೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಈ ಸಹಿಗೆ ಪೆನ್ನಿನ ಸಹಿಯಷ್ಟೇ ಬೆಲೆ ಕೊಟ್ಟಿದೆ. ಆದರೂ ಎಷ್ಟೋ ಪಂಚಾಯಿತಿಗಳಲ್ಲಿ ಈ ಕೀಲಿ ಆಪರೇಟರ್‌ನ ಡ್ರಾಯರ್‌ನಲ್ಲಿ ಇರುತ್ತದೆ, ಪಾಸ್‌ವರ್ಡ್ ಮಾನಿಟರ್ ಮೇಲೆ ಚೀಟಿಯಲ್ಲಿ ಅಂಟಿಸಿರುತ್ತದೆ. ಹಣ ಹೋದರೆ ಕೇಳುವುದು ನಿಮ್ಮನ್ನು. ಕೀಲಿ ನಿಮ್ಮ ಚೀಲದಲ್ಲಿರಲಿ. ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ. ಖಜಾನೆ-2 (ಸರ್ಕಾರಿ ಹಣ ಪಾವತಿಯ ವ್ಯವಸ್ಥೆ), ಇ-ಆಫೀಸ್ (ಕಡತಗಳ ಕಂಪ್ಯೂಟರ್ ವ್ಯವಸ್ಥೆ) ಲಾಗಿನ್‌ಗಳಿಗೂ ಇದೇ ಮಾತು.

2. ಮೊದಲು ಪ್ರತಿ ಟೇಬಲ್ಲಿನ ಹತ್ತಿರ ಹೋಗಿ ಕೂತುಕೊಳ್ಳಿ

ಮೊದಲ ಎರಡು ವಾರ ದೊಡ್ಡ ಬದಲಾವಣೆ ಏನೂ ಘೋಷಿಸಬೇಡಿ. ದಿನಕ್ಕೊಬ್ಬರಂತೆ ಸಿಬ್ಬಂದಿಯ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಅವರನ್ನು ನಿಮ್ಮ ಕೋಣೆಗೆ ಕರೆಯುವುದಲ್ಲ, ನೀವು ಅವರ ಟೇಬಲ್ಲಿಗೆ ಹೋಗುವುದು. ಮೂರೇ ಪ್ರಶ್ನೆ ಕೇಳಿ: ನಿಮ್ಮ ಹತ್ತಿರ ಈಗ ಏನೇನು ಕೆಲಸ ಇದೆ? ಅದರಲ್ಲಿ ಯಾವುದು ನಿಂತುಹೋಗಿದೆ, ಯಾಕೆ? ನನ್ನಿಂದ ಏನಾಗಬೇಕು?

ಹಳೆಯ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು) ಅಥವಾ ಹಿರಿಯ ಶಿಕ್ಷಕರು ಹೇಳುವುದನ್ನು ಬರೆದುಕೊಳ್ಳಿ. ಅವರ ಎದುರಿಗೇ ಬರೆದುಕೊಳ್ಳಿ. ಕಲಿಯುವುದಕ್ಕೆ ನಾಚಿಕೆ ಬೇಡ. "ಇದು ನನಗೆ ಹೊಸದು, ಒಮ್ಮೆ ತೋರಿಸಿ" ಎಂದರೆ ನಿಮ್ಮ ಬೆಲೆ ಕಡಿಮೆಯಾಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಸಹಿ ಹಾಕಿದರೆ ಮಾತ್ರ ಕಡಿಮೆಯಾಗುತ್ತದೆ.

3. ನಿಮ್ಮ ರೀತಿ ಯಾವುದು ಎಂದು ಬರೆದು ನೋಡಿ

ಹೊಸದಾಗಿ ಬಂದವರು ಸಾಮಾನ್ಯವಾಗಿ ಹಿಂದಿದ್ದ ಸಾಹೇಬರ ವೇಷ ಹಾಕಿಕೊಳ್ಳುತ್ತಾರೆ. ಅವರು ಟೇಬಲ್ ಗುದ್ದುತ್ತಿದ್ದರು, ಇವರೂ ಗುದ್ದುತ್ತಾರೆ. ಎರಡು ವಾರಕ್ಕೆ ಗಂಟಲು ಕಟ್ಟುತ್ತದೆ, ಸಿಬ್ಬಂದಿಗೂ ಇದು ನಾಟಕ ಎಂದು ತಿಳಿಯುತ್ತದೆ. ಇನ್ನು ಕೆಲವರು ಎಲ್ಲರಿಗೂ ಅಕ್ಕನಾಗಲು ಹೋಗಿ, ಯಾರಿಗೂ ಇಲ್ಲ ಎನ್ನಲಾಗದೆ ಎಲ್ಲರ ಕೆಲಸ ತಾವೇ ಮಾಡಿಕೊಂಡು ರಾತ್ರಿ ಎಂಟಕ್ಕೆ ಮನೆ ಸೇರುತ್ತಾರೆ.

ನಿಮ್ಮದೇ ರೀತಿ ಈಗಾಗಲೇ ನಿಮ್ಮೊಳಗೆ ಇದೆ. ಹೊರತೆಗೆಯಲು ಒಂದು ಸಂಜೆ ಬೇಕು. ನೋಟ್‌ಬುಕ್ಕಿನಲ್ಲಿ ನೀವು ಹಿಂದೆ ಚೆನ್ನಾಗಿ ನಿಭಾಯಿಸಿದ ಮೂರು ಸಂದರ್ಭ ಬರೆಯಿರಿ. ಕಚೇರಿಯದ್ದೇ ಆಗಬೇಕಿಲ್ಲ. ತಂಗಿಯ ಮದುವೆಯ ಹೊಣೆ, ಸಂಘದ ಸಾಲ ವಸೂಲಿ, ಹಾಸ್ಟೆಲ್‌ನಲ್ಲಿ ನೀರಿನ ಜಗಳ, ಯಾವುದಾದರೂ ಸರಿ. ಪ್ರತಿಯೊಂದರ ಮುಂದೆ ನೀವು ನಿಜವಾಗಿ ಮಾಡಿದ್ದೇನು ಎಂದು ಬರೆಯಿರಿ. ಮೊದಲು ಎಲ್ಲರ ಮಾತು ಕೇಳಿದಿರಾ? ಪಟ್ಟಿ ಮಾಡಿ ಕೆಲಸ ಹಂಚಿದಿರಾ? ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಒಪ್ಪಿಸಿದಿರಾ? ಮೂರರಲ್ಲೂ ಮತ್ತೆ ಮತ್ತೆ ಕಾಣುವುದೇ ನಿಮ್ಮ ಬಲ. ಅದನ್ನೇ ಕಚೇರಿಯಲ್ಲಿ ಮುಂದೆ ಮಾಡಿ.

ಆಮೇಲೆ, ನೀವು ಮೆಚ್ಚುವ ಇಬ್ಬರು ಮೂವರು ಮೇಲಧಿಕಾರಿಗಳನ್ನು ನೆನಪಿಸಿಕೊಳ್ಳಿ. ಒಬ್ಬರೊಬ್ಬರಿಂದ ಒಂದೊಂದೇ ಗುಣ ತಗೊಂಡು ನಿಮ್ಮ ಮೈಗೆ ಹೊಂದುತ್ತದೆಯೇ ನೋಡಿ. ಹೊಸ ಜವಾಬ್ದಾರಿಗೆ ಬಂದವರು ಹೀಗೇ ಬೆಳೆಯುತ್ತಾರೆ ಎಂದು ಹರ್ಮಿನಿಯಾ ಇಬಾರಾ ಎಂಬ ನಿರ್ವಹಣಾಶಾಸ್ತ್ರದ ವಿದ್ವಾಂಸೆ 1999ರಲ್ಲೇ ತೋರಿಸಿದ್ದರು. ಬೇರೆಯವರನ್ನು ಗಮನಿಸುವುದು, ಪ್ರಯೋಗ ಮಾಡಿ ನೋಡುವುದು, ಹೊಂದದ್ದನ್ನು ಬಿಡುವುದು. ಅವರು ಇದನ್ನು ತಾತ್ಕಾಲಿಕ ರೂಪಗಳು ಎಂದು ಕರೆದರು.

*ಎಚ್ಚರಿಕೆ:* "ನಾನು ಇರೋದೇ ಹೀಗೆ" ಎನ್ನುವುದು ಸಹಜತೆಯಲ್ಲ. ಸಭೆಯಲ್ಲಿ ಮಾತಾಡಲು ಭಯವಾಗುತ್ತದೆ ಎಂದರೆ ಅದು ನಿಮ್ಮ ಸ್ವಭಾವ ಅಲ್ಲ, ರೂಢಿ ಇಲ್ಲದ ಕೆಲಸ. ಮೊದಲ ಐದಾರು ಸಲ ಯಾವ ಹೊಸ ನಡೆಯೂ ನಕಲಿ ಅನ್ನಿಸುತ್ತದೆ. ನಿಮ್ಮ ಮೌಲ್ಯಕ್ಕೆ ವಿರುದ್ಧವಾದದ್ದನ್ನು ಬಿಡಿ. ಸುಮ್ನೆ ಕಷ್ಟವಾಗಿದೆ ಎಂದು ಬಿಡಬೇಡಿ.

4. ಕೆಲಸ ಹೇಳುವ ಮಾತನ್ನು ತಿದ್ದಿಕೊಳ್ಳಿ

ನನ್ನ ಪ್ರಕಾರ ಅರ್ಧ ಗೆಲುವು ಇಲ್ಲೇ ಇದೆ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಒಂದೇ ಕೆಲಸವನ್ನು ಮೂರು ಥರ ಹೇಳಿ ನೋಡಿ. ಹಿರಿಯ ಗುಮಾಸ್ತರೊಬ್ಬರಿಂದ ಒಂದು ಬಿಲ್ ತಯಾರಾಗಬೇಕಿದೆ.

ಮೊದಲನೆಯದು: "ಕಾಕಾ, ಟೈಮ್ ಸಿಕ್ಕಾಗ ಆ ಬಿಲ್ ಒಂದೀಟು ನೋಡ್ತೀರೇನ್ರೀ? ಅರ್ಜೆಂಟ್ ಏನಿಲ್ಲ ಬಿಡ್ರಿ."

ಎರಡನೆಯದು: "ಎಷ್ಟು ಸಲ ಹೇಳಬೇಕ್ರಿ ನಿಮಗ? ಕೆಲಸ ಮಾಡೋ ಮನಸ್ಸೇ ಇಲ್ಲ ಕಾಣ್ತದ."

ಮೂರನೆಯದು: "ಕಾಕಾ, ಈ ಬಿಲ್ ಗುರುವಾರ ಮೂರಕ್ಕ ನನ್ನ ಟೇಬಲ್ ಮ್ಯಾಲ ಇರಬೇಕ್ರಿ. ಶುಕ್ರವಾರ ಖಜಾನೆಗೆ ಹೋಗಬೇಕು. ಏನಾರ ಅಡಚಣಿ ಇದ್ರ ಬುಧವಾರನೇ ಹೇಳ್ರಿ, ಕೂಡಿ ನೋಡೋಣು."

ಮೊದಲನೆಯದರಲ್ಲಿ ಕೆಲಸವೇ ಇಲ್ಲ, ಬರೀ ವಿನಂತಿ. ಎರಡನೆಯದರಲ್ಲೂ ಕೆಲಸ ಇಲ್ಲ, ಬರೀ ಬೈಗುಳ. ಮೂರನೆಯದರಲ್ಲಿ ನಾಲ್ಕು ವಿಷಯ ಇವೆ: ಏನು, ಯಾವಾಗ, ಯಾಕೆ, ಅಡ್ಡಿಯಾದರೆ ಏನು ಮಾಡಬೇಕು. "ಕಾಕಾ" ಇದೆ, "ರೀ" ಇದೆ, ಮರ್ಯಾದೆಗೆ ಕೊರತೆಯಿಲ್ಲ. ಆದರೆ ಗುರುವಾರ ಮೂರು ಗಂಟೆ ಎಂದರೆ ಗುರುವಾರ ಮೂರು ಗಂಟೆಯೇ. ನಮ್ಮ ಭಾಗದ ಮಾತಿನಲ್ಲಿ ಮರ್ಯಾದೆ ಮತ್ತು ಬಿಗಿ ಒಂದೇ ವಾಕ್ಯದಲ್ಲಿ ಕೂರುತ್ತವೆ. ಇಂಗ್ಲಿಷಿನ ಗತ್ತು ಎರವಲು ತರಬೇಕಿಲ್ಲ.

ಇನ್ನೂ ಕೆಲವು ಅಭ್ಯಾಸಗಳು:

ಮಾತಿನ ಕೊನೆಗೆ "ಅಲ್ವಾ?", "ಸರಿ ಅನ್ನಿಸಿದರೆ", "ನನಗೇನೋ ಹಾಗೆ ಅನ್ನಿಸಿತು, ತಪ್ಪಿದ್ದರೆ ಹೇಳಿ" ಎಂದು ಸೇರಿಸುವ ರೂಢಿ ಇದ್ದರೆ ಗಮನಿಸಿ. ಸಲಹೆ ಕೇಳುವಾಗ ಇವೆಲ್ಲ ಚಂದ. ನಿರ್ಧಾರ ತಿಳಿಸುವಾಗ ಬೇಡ. ನಿರ್ಧಾರ ಹೇಳಿದ ಮೇಲೆ ಬಾಯಿ ಮುಚ್ಚಿ, ಮೂರು ಎಣಿಸುವಷ್ಟು ಸುಮ್ಮನಿರಿ. ಆ ಮೌನ ತುಂಬಲು ಹೋಗಿಯೇ ನಾವು ಕೊಟ್ಟ ನಿರ್ಧಾರವನ್ನು ವಾಪಸ್ ತಗೊಳ್ಳುವುದು.

ಸಭೆಯಲ್ಲಿ ನಿಮ್ಮ ಮಾತಿನ ನಡುವೆ ಯಾರಾದರೂ ಬಾಯಿ ಹಾಕಿದರೆ ಧ್ವನಿ ಏರಿಸಬೇಡಿ. ಅವರ ಕಡೆ ಅಂಗೈ ಸ್ವಲ್ಪ ಎತ್ತಿ, "ಒಂದು ನಿಮಿಷ ರೀ, ಮಾತು ಮುಗಿಸ್ತೀನಿ, ಆಮೇಲೆ ನೀವೇ ಹೇಳ್ರಿ" ಎನ್ನಿ. ಮುಗಿಸಿದ ಮೇಲೆ ಅವರಿಗೆ ನಿಜವಾಗಿಯೂ ಅವಕಾಶ ಕೊಡಿ. ಎರಡನೆಯದು ಮೊದಲನೆಯದರಷ್ಟೇ ಮುಖ್ಯ.

ಭಾಷೆಯ ವಿಷಯವೂ ಇದೆ. ಬೀದರ್‌ನ ಔರಾದ, ಕಮಲನಗರ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು, ಎಲ್ಲೆಡೆ ದಖ್ಖನಿ ಉರ್ದು. ಒಬ್ಬ ಡಿ ದರ್ಜೆ ನೌಕರನಿಗೆ ನಿಮ್ಮ ಗ್ರಾಂಥಿಕ ಕನ್ನಡ ಅರ್ಥವಾಗದಿದ್ದರೆ ಅದು ಅವನ ತಪ್ಪಲ್ಲ. ಅವರ ಭಾಷೆಯಲ್ಲಿ ನಾಲ್ಕು ಮಾತು ಕಲಿಯಿರಿ. ಆದರೆ ಆದೇಶ ಯಾವಾಗಲೂ ಬರಹದಲ್ಲಿರಲಿ, ಕನ್ನಡದಲ್ಲಿರಲಿ. ಸಭೆ ಮುಗಿದ ದಿನವೇ ಯಾರು ಏನು ಮಾಡಬೇಕು, ಯಾವ ದಿನಕ್ಕೆ ಎಂದು ನಡಾವಳಿ ಬರೆಸಿ ಎಲ್ಲರ ಸಹಿ ತಗೊಳ್ಳಿ. ನಡಾವಳಿ ಎಂದರೆ ಸಭೆಯಲ್ಲಿ ಆದ ತೀರ್ಮಾನಗಳ ದಾಖಲೆ. ಅರ್ಧ ಪುಟ ಸಾಕು.

ಸಭೆಯ ಹೊತ್ತನ್ನೂ ಯೋಚಿಸಿ ಇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿಗಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಎಂಟಕ್ಕೆ ಸರಿಯಾಗಿ ಸಭೆ ಕರೆದರೆ ಅಫಜಲಪುರದಿಂದ, ಚಿತ್ತಾಪುರದಿಂದ ಬಸ್ಸಿಗೆ ಬರುವವರು ಓಡುತ್ತಾ ಬರುತ್ತಾರೆ, ತಲೆ ಬೇರೆಲ್ಲೋ ಇರುತ್ತದೆ. ಒಂಬತ್ತಕ್ಕೆ ಇಡಿ, ಆದರೆ ಒಂಬತ್ತಕ್ಕೇ ಶುರು ಮಾಡಿ.

ಇಷ್ಟೆಲ್ಲ ಮಾಡಿದರೂ ಮೊದಮೊದಲು ನಿಮ್ಮ ಮಾತಿಗೆ ತೂಕ ಕಡಿಮೆ ಸಿಗಬಹುದು. ಇದು ನಿಮ್ಮ ಕಲ್ಪನೆಯಲ್ಲ. ಪಶ್ಚಿಮ ಬಂಗಾಳದ ಗ್ರಾಮ ಪಂಚಾಯಿತಿಗಳ ಬಗ್ಗೆ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮಾಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಂದೇ ಭಾಷಣವನ್ನು ಗಂಡಿನ ಧ್ವನಿಯಲ್ಲಿ ಕೆಲವರಿಗೆ, ಹೆಣ್ಣಿನ ಧ್ವನಿಯಲ್ಲಿ ಕೆಲವರಿಗೆ ಕೇಳಿಸಿದರು. ಪಂಚಾಯಿತಿಯ ಮುಖ್ಯಸ್ಥ ಸ್ಥಾನಕ್ಕೆ ಹಿಂದೆಂದೂ ಮಹಿಳಾ ಮೀಸಲು ಬಾರದಿದ್ದ ಊರುಗಳಲ್ಲಿ ಗಂಡಸರು ಹೆಣ್ಣಿನ ಧ್ವನಿಗೆ ಕಡಿಮೆ ಅಂಕ ಕೊಟ್ಟರು. ಒಮ್ಮೆ ಮಹಿಳೆ ಅಧಿಕಾರ ನಡೆಸಿದ್ದ ಊರುಗಳಲ್ಲಿ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿತ್ತು. ಅಂದರೆ ಜನ ಕಂಡು ಕಂಡು ರೂಢಿ ಮಾಡಿಕೊಳ್ಳುತ್ತಾರೆ. ನಿಮ್ಮ ಕಚೇರಿಗೆ ನೀವೇ ಮೊದಲನೆಯವರಾದರೆ ಆ ರೂಢಿಯಾಗುವವರೆಗಿನ ಭಾರ ನಿಮ್ಮ ಮೇಲೆ ಬೀಳುತ್ತದೆ. ಅದು ನಿಮ್ಮ ಅಸಾಮರ್ಥ್ಯ ಎಂದು ಮಾತ್ರ ತಿಳಿಯಬೇಡಿ.

"ರಿಸರ್ವೇಷನ್‌ನಾಗ ಬಂದಾರ" ಎಂಬ ಪಿಸುಮಾತು ಕಿವಿಗೆ ಬಿದ್ದರೆ ಸಮಜಾಯಿಷಿ ಕೊಡಲು ಹೋಗಬೇಡಿ. ಮೀಸಲಾತಿ ಸಂವಿಧಾನ ಕೊಟ್ಟ ಹಕ್ಕು, ಅದಕ್ಕೆ ನೀವು ಯಾರಿಗೂ ವಿವರಣೆ ಕೊಡಬೇಕಿಲ್ಲ.

5. ತಪ್ಪಾದಾಗ ತಪ್ಪಿನ ಬಗ್ಗೆ ಮಾತಾಡಿ, ಮನುಷ್ಯನ ಬಗ್ಗೆ ಅಲ್ಲ

ಇದನ್ನು ತರಬೇತಿಗಳಲ್ಲಿ ಫೀಡ್‌ಬ್ಯಾಕ್ ಎನ್ನುತ್ತಾರೆ. ಮಾಡಿದ ಕೆಲಸ ಹೇಗಾಗಿದೆ ಎಂದು ಮಾಡಿದವರಿಗೇ ನೇರವಾಗಿ ತಿಳಿಸುವುದು, ಅಷ್ಟೇ.

ಬಸವಕಲ್ಯಾಣದ ಕಡೆಯವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಬೇಕಿಲ್ಲ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇದು ನಮಗೆ ಬೇಕಾದದ್ದಕ್ಕಿಂತ ಹೆಚ್ಚು, ವಾಪಸ್ ಸುರಿದು ಬಾ ಎಂದು ಕಳಿಸಿದವಳು ಅವಳು. ಏನು ಹೆಚ್ಚಾಗಿದೆ, ಈಗ ಏನು ಮಾಡಬೇಕು ಎಂಬ ಎರಡೂ ಆ ಮಾತಿನಲ್ಲಿ ಸ್ಪಷ್ಟ. ನಿಮ್ಮ ಮಾತಿಗೂ ಆ ಎರಡು ಬೇಕು.

ಒಬ್ಬರು ದಿನಾ ತಡವಾಗಿ ಬರುತ್ತಾರೆ ಎಂದುಕೊಳ್ಳಿ. ಹೀಗೆ ಮಾಡಿ:

ಎಲ್ಲರೆದುರು ಹೇಳಬೇಡಿ. ಒಳಗೆ ಕರೆದು ಕೂರಿಸಿ. ಬಾಗಿಲು ತೆರೆದಿರಲಿ.

ದಿನಾಂಕ ಹೇಳಿ. "ನೀವು ಯಾವಾಗಲೂ ಲೇಟ್" ಎಂದರೆ ವಾದ ಶುರುವಾಗುತ್ತದೆ. "ಈ ವಾರ ಸೋಮವಾರ, ಬುಧವಾರ ಹನ್ನೊಂದೂವರೆಗೆ ಬಂದಿದ್ದೀರಿ" ಎಂದರೆ ಹಾಜರಾತಿ ಪುಸ್ತಕವೇ ಮಾತಾಡುತ್ತದೆ.

ಅದರಿಂದ ಏನಾಯಿತು ಹೇಳಿ. "ಪಿಂಚಣಿ ಅರ್ಜಿಗೆ ಬಂದ ಅಜ್ಜಿ ಕಮಲಾಪುರದಿಂದ ಬಂದು ಒಂದೂವರೆ ತಾಸು ಹೊರಗ ಕೂತಿದ್ರು."

ಆಮೇಲೆ ಕಾರಣ ಕೇಳಿ, ನಿಜವಾಗಿ ಕೇಳಿ. ಮನೆಯಲ್ಲಿ ಡಯಾಲಿಸಿಸ್ ರೋಗಿ ಇರಬಹುದು. ಬಸ್ಸಿನ ಸಮಯ ಬದಲಾಗಿರಬಹುದು. ಸರಿಯಾದ ಕಾರಣವಾದರೆ ನಿಯಮದೊಳಗೆ ಏನು ಅನುಕೂಲ ಮಾಡಬಹುದು ನೋಡಿ.

ಕೊನೆಗೆ ಮುಂದಿನ ದಿನಾಂಕ ಇಟ್ಟು, ಆ ದಿನ ಮತ್ತೆ ಕರೆದು ಮಾತಾಡಿ. ಈ ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಮರೆತರೆ ಹಿಂದೆ ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ಎರಡು ಸಲ ಬಾಯಿಮಾತಿನಲ್ಲಿ ಹೇಳಿಯೂ ಬದಲಾಗದಿದ್ದರೆ ಬರಹಕ್ಕೆ ಇಳಿಯಿರಿ. ಮೊದಲು ಮೆಮೊ, ನಂತರ ಕಾರಣ ಕೇಳಿ ನೋಟಿಸ್. ಕಾರಣ ಕೇಳಿ ನೋಟಿಸ್ ಎಂದರೆ ನಿಮ್ಮ ಮೇಲೆ ಯಾಕೆ ಕ್ರಮ ತಗೊಳ್ಳಬಾರದು ಎಂದು ಲಿಖಿತವಾಗಿ ಉತ್ತರ ಕೇಳುವುದು. ರಾಜ್ಯ ಸರ್ಕಾರಿ ನೌಕರರಿಗೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು ಅನ್ವಯಿಸುತ್ತವೆ. ಶಿಸ್ತು ಕ್ರಮದ ಅಧಿಕಾರ ಯಾರಿಗಿದೆ ಎಂದು ಅದರಲ್ಲೇ ಇದೆ. ನಿಮಗಿಲ್ಲದ ಅಧಿಕಾರ ಚಲಾಯಿಸಿ ನೋಟಿಸ್ ಕೊಟ್ಟರೆ ಅದು ಬಿದ್ದುಹೋಗುತ್ತದೆ, ಜೊತೆಗೆ ನಿಮ್ಮ ಮಾತಿನ ತೂಕವೂ. ಓದಿ, ಇಲ್ಲವೇ ಗೊತ್ತಿದ್ದವರನ್ನು ಕೇಳಿ, ಆಮೇಲೆ ಸಹಿ ಹಾಕಿ.

ಹೊಗಳುವುದಕ್ಕೂ ಇದೇ ಕ್ರಮ, ಒಂದೇ ವ್ಯತ್ಯಾಸ. ಅದನ್ನು ಎಲ್ಲರೆದುರು ಮಾಡಿ.

6. ಮನೆಯವರ ಫೋನಿನ ದಾರಿ ಮುಚ್ಚಿ

ಈ ಹಂತದ ಬಗ್ಗೆ ಯಾರೂ ಬಾಯಿಬಿಟ್ಟು ಬರೆಯುವುದಿಲ್ಲ. ಆದರೆ ನಮ್ಮ ಕಡೆ ಇದೇ ದೊಡ್ಡ ತೊಡಕು.

ನಿಮ್ಮ ಹತ್ತಿರ ಆಗದ ಕೆಲಸಕ್ಕೆ ಜನ ನಿಮ್ಮ ಗಂಡನಿಗೆ, ಅಪ್ಪನಿಗೆ, ಅಣ್ಣನಿಗೆ ಫೋನ್ ಮಾಡುತ್ತಾರೆ. "ಸಾಹೇಬ್ರ, ನಿಮ್ಮ ಮನಿಯವರಿಗೆ ಒಂದು ಮಾತು ಹೇಳ್ರಿ." ಗುತ್ತಿಗೆದಾರ ಮಾಡುತ್ತಾನೆ, ಊರಿನ ಹಿರಿಯರು ಮಾಡುತ್ತಾರೆ, ಕೆಲವೊಮ್ಮೆ ನಿಮ್ಮ ಸಿಬ್ಬಂದಿಯೇ ಮಾಡುತ್ತಾರೆ. ಒಂದು ಸಲ ಆ ದಾರಿಯಲ್ಲಿ ಕೆಲಸ ಆಯಿತು ಎಂದು ಗೊತ್ತಾದರೆ, ಆಮೇಲೆ ಯಾರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲಾಗಿದ್ದರೂ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಗಂಡ ಕೂತು ಮಾತಾಡುವುದನ್ನು ನಾವೆಲ್ಲ ನೋಡಿದ್ದೇವೆ. ಕಚೇರಿಗಳಲ್ಲಿ ಅದೇ ಕೆಲಸ ಫೋನಿನಲ್ಲಿ ನಡೆಯುತ್ತದೆ.

ಮೊದಲು ಮನೆಯಲ್ಲಿ ಮಾತಾಡಿ, ಜಗಳ ಆಗುವ ಮೊದಲೇ. ಗಂಡನಿಗೆ ಒಂದು ಸಿದ್ಧ ಉತ್ತರ ಕೊಡಿ: "ಆಫೀಸಿನ ವಿಷಯ ಆಕೀನೇ ನೋಡ್ತಾಳ್ರಿ, ನೀವು ಅಲ್ಲೇ ಹೋಗಿ ಅರ್ಜಿ ಕೊಡ್ರಿ." ಬಹಳಷ್ಟು ಗಂಡಂದಿರಿಗೆ ಈ ಉತ್ತರ ಸಿಕ್ಕರೆ ನೆಮ್ಮದಿಯೇ ಆಗುತ್ತದೆ. ಅವರಿಗೂ ಇಲ್ಲ ಎನ್ನುವುದು ಕಷ್ಟವಾಗಿರುತ್ತದೆ. ಹಾಗೆ ಫೋನ್ ಮಾಡಿಸಿದವರು ಕಚೇರಿಗೆ ಬಂದಾಗ ಕೋಪ ತೋರಿಸಬೇಡಿ. "ನಿಮ್ಮ ಕಡತ ಇಲ್ಲಿದೆ, ಈ ಎರಡು ದಾಖಲೆ ಬಾಕಿ ಇವೆ. ತಂದರೆ ಇಂಥ ದಿನ ಆಗುತ್ತದೆ" ಎನ್ನಿ. ಸೀದಾ ಬಂದರೆ ಬೇಗ ಆಗುತ್ತದೆ ಎಂದು ಅವರಿಗೇ ಅರ್ಥವಾಗಬೇಕು.

*ಎಚ್ಚರಿಕೆ:* ಮನೆಯವರು ಕಚೇರಿಗೆ ಬಂದು ನಿಮ್ಮ ಕೋಣೆಯಲ್ಲಿ ಕೂರುವುದು ಬೇಡ. ಕರೆದೊಯ್ಯಲು ಬಂದರೆ ಹೊರಗೆ ಕಾಯಲಿ. ಕಟುವಾಗಿ ಕಾಣಬಹುದು, ಆದರೆ ಈ ವಿಷಯದಲ್ಲಿ ವಿನಾಯಿತಿ ಕೊಟ್ಟು ಉಳಿದವರನ್ನು ನಾನು ಕಂಡಿಲ್ಲ.

7. ಹೂಗುಚ್ಛ, ರಂಗೋಲಿ, ಚಹಾ

ಮಂತ್ರಿಗಳು ಬಂದರೆ ಆರತಿ ತಟ್ಟೆ, ಬೀಳ್ಕೊಡುಗೆ ಇದ್ದರೆ ಶಾಲು ತರುವುದು, ಸಭೆಯಲ್ಲಿ ಬರೆದುಕೊಳ್ಳುವುದು. ಈ ಕೆಲಸಗಳು ಹೆಣ್ಣುಮಕ್ಕಳ ಪಾಲಿಗೇ ಬರುತ್ತವೆ. ನಿಮಗೆ ಇಷ್ಟವಿದ್ದರೆ ಮಾಡಿ, ಆದರೆ ಸರದಿ ಪಟ್ಟಿ ಮಾಡಿ ಎಲ್ಲರಿಗೂ ಹಂಚಿ. ಗಂಡಸರ ಹೆಸರೂ ಇರಲಿ. ನಿಮ್ಮ ಕೈಕೆಳಗಿನ ಹುಡುಗಿಯರಿಗೆ ಇದರಿಂದ ಉಳಿಯುವ ಸಮಯ ಅವರು ಕೆಲಸ ಕಲಿಯುವ ಸಮಯ.

8. ಆಂತರಿಕ ಸಮಿತಿ: ಹೊಣೆ ಬಂದೇ ಬರುತ್ತದೆ, ಓದಿಕೊಂಡಿರಿ

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ 2013ರದ್ದು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿ ಕಡೆ ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದ್ದು. ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಒಬ್ಬರು ಹೊರಗಿನವರು. ಕಚೇರಿಯಲ್ಲಿ ನೀವೇ ಹಿರಿಯ ಮಹಿಳೆಯಾದರೆ ಈ ಕುರ್ಚಿ ನಿಮ್ಮದೇ. ಎಷ್ಟೋ ಕಡೆ ಹೆಸರಿಗೆ ಮಾತ್ರ ಸಮಿತಿ ಇರುತ್ತದೆ, ಅಧ್ಯಕ್ಷೆಗೇ ತಾನು ಅಧ್ಯಕ್ಷೆ ಎಂದು ಗೊತ್ತಿರುವುದಿಲ್ಲ.

ನೆನಪಿಡಬೇಕಾದ ಅಂಕಿಗಳು ಇಷ್ಟೇ. ದೂರು ಲಿಖಿತವಾಗಿ ಘಟನೆಯಾದ 3 ತಿಂಗಳೊಳಗೆ ಬರಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಮುಗಿದ 10 ದಿನದೊಳಗೆ ವರದಿ, ವರದಿ ಬಂದ 60 ದಿನದೊಳಗೆ ಕ್ರಮ. ಸಮಿತಿಯನ್ನೇ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ, ಉದಾಹರಣೆಗೆ ಸಣ್ಣ ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುವವರು, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

*ಎಚ್ಚರಿಕೆ:* "ಮನಿ ಮರ್ಯಾದಿ ಪ್ರಶ್ನೆ, ಕೂತು ಮಾತಾಡಿ ಮುಗಸ್ರಿ" ಎಂದು ಹಿರಿಯರು ಬರುತ್ತಾರೆ. ರಾಜಿ ಬೇಕು ಎಂದು ಕೇಳುವ ಹಕ್ಕು ದೂರು ಕೊಟ್ಟವಳಿಗೆ ಮಾತ್ರ ಇದೆ. ಆಗಲೂ ಹಣ ಕೊಟ್ಟು ರಾಜಿ ಮಾಡುವಂತಿಲ್ಲ. ದೂರು ಕೊಟ್ಟವರ ಹೆಸರು ನಿಮ್ಮ ಬಾಯಿಂದ ಹೊರಗೆ ಹೋಗಬಾರದು. ಆಪ್ತ ಗೆಳತಿಗೂ ಹೇಳಬೇಡಿ.

9. ಕೆಲಸ ಬಿಟ್ಟುಕೊಡುವುದನ್ನು ಕಲಿಯಿರಿ

"ನಾನೇ ಮಾಡಿದರೆ ಬೇಗ ಆಗುತ್ತದೆ." ಈ ಮಾತು ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಒಂದು ದಿನದ ಮಟ್ಟಿಗೆ ಅದು ನಿಜ. ಒಂದು ವರ್ಷದ ಲೆಕ್ಕದಲ್ಲಿ ಸುಳ್ಳು.

ಹೊಸಬರಿಗೆ ಹಂತ ಹಂತವಾಗಿ ತೋರಿಸಿ, ನಡುವೆ ಎರಡು ಸಲ ನೋಡಿ. ಅರ್ಧ ಬಲ್ಲವರಿಗೆ ಕೆಲಸ ಕೊಟ್ಟು, ಸಿಕ್ಕಿಬಿದ್ದರೆ ಬನ್ನಿ ಎನ್ನಿ. ಪೂರ್ತಿ ಬಲ್ಲವರಿಗೆ ಗುರಿ ಮತ್ತು ದಿನಾಂಕ ಮಾತ್ರ ಹೇಳಿ, ಬೆನ್ನ ಹಿಂದೆ ನಿಲ್ಲಬೇಡಿ. ಮೂವತ್ತು ವರ್ಷ ಬಿಲ್ ಬರೆದ ಕಾಕಾನಿಗೆ ಕೂಡಿಸುವುದು ಹೇಗೆಂದು ಹೇಳಿದರೆ ಅವಮಾನ. ನಿನ್ನೆ ಬಂದ ಹುಡುಗಿಯನ್ನು ಸುಮ್ನೆ ಬಿಟ್ಟರೆ ಅನ್ಯಾಯ.

ಬಿಟ್ಟುಕೊಟ್ಟ ಕೆಲಸ ನಿಮ್ಮಷ್ಟು ಚಂದ ಆಗದಿರಬಹುದು. ಅಕ್ಷರ ಸೊಟ್ಟ ಇದ್ದರೆ ಬಿಡಿ. ಮೊತ್ತ ತಪ್ಪಿದ್ದರೆ ವಾಪಸ್ ಕಳಿಸಿ, ಅವರೇ ತಿದ್ದಲಿ.

ಕಣ್ಣೀರಿನ ವಿಷಯವನ್ನು ಹಲವರು ಸಂಕೋಚದಿಂದ ಕೇಳುತ್ತಾರೆ. ಬಂದರೆ ಬಂತು. "ಐದು ನಿಮಿಷ ಕೊಡ್ರಿ" ಎಂದು ಎದ್ದು ಹೋಗಿ, ನೀರು ಕುಡಿದು ಬಂದು ಬಿಟ್ಟಲ್ಲಿಂದಲೇ ಮಾತು ಮುಂದುವರಿಸಿ. ಕ್ಷಮೆ ಕೇಳಬೇಡಿ, ಸಭೆಯನ್ನೂ ಮುಂದೂಡಬೇಡಿ.

10. ಮೂರು ತಿಂಗಳಿಗೆ ಒಮ್ಮೆ ಕೇಳಿ ನೋಡಿ

ಮೂರು ಜನರನ್ನು ಆರಿಸಿಕೊಳ್ಳಿ: ಕೈಕೆಳಗಿನ ಒಬ್ಬರು, ಸಮಾನ ಹುದ್ದೆಯ ಒಬ್ಬರು, ಕಚೇರಿಗೆ ಕೆಲಸಕ್ಕೆ ಬರುವ ಸಾರ್ವಜನಿಕರಲ್ಲಿ ಒಬ್ಬರು. ಎರಡೇ ಪ್ರಶ್ನೆ. ನಾನು ಮಾಡುತ್ತಿರುವುದರಲ್ಲಿ ಯಾವುದು ನಿಮ್ಮ ಕೆಲಸಕ್ಕೆ ಅನುಕೂಲವಾಗಿದೆ? ಯಾವುದು ಅಡ್ಡಿಯಾಗಿದೆ?

"ನಾನು ಹೇಗೆ ಅನ್ನಿಸ್ತೀನಿ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಹೊಗಳಿಕೆ ಬರುತ್ತದೆ, ಇಲ್ಲವೇ ನೋವು ಬರುತ್ತದೆ, ಉಪಯೋಗವಾಗುವ ಉತ್ತರ ಬರುವುದಿಲ್ಲ.

ಉತ್ತರ ಕೇಳುವಾಗ ಸಮರ್ಥನೆ ಬೇಡ, ಬರೆದುಕೊಳ್ಳಿ ಅಷ್ಟೇ. ಮೂವರಲ್ಲಿ ಇಬ್ಬರು ಹೇಳಿದ ಒಂದೇ ಒಂದು ವಿಷಯ ತಗೊಂಡು ಮುಂದಿನ ಮೂರು ತಿಂಗಳು ಅದನ್ನೇ ತಿದ್ದಿಕೊಳ್ಳಿ. ತಿದ್ದಿಕೊಂಡದ್ದನ್ನು ಅವರಿಗೆ ತಿಳಿಸಿ: "ನೀವು ಹೇಳಿದ್ರಲ್ಲ, ಕಡತ ನನ್ನ ಟೇಬಲ್ ಮ್ಯಾಲ ಜಾಸ್ತಿ ದಿನ ನಿಲ್ತದ ಅಂತ. ಈಗ ಎರಡು ದಿನದಾಗ ಕಳಿಸ್ತಿದ್ದೀನಿ. ಫರಕ್ ಕಾಣ್ತದೇನ್ರೀ?" ಇಲ್ಲ ಎಂದರೆ ಎಲ್ಲಿ ನಿಲ್ಲುತ್ತಿದೆ ಎಂದು ಅಲ್ಲೇ ಕೂತು ಆ ಕಡತದ ಚಲನೆಯ ದಿನಾಂಕಗಳನ್ನು ಒಟ್ಟಿಗೆ ತೆಗೆದು ನೋಡಿ.